ಅಮೂರ್ತ ಚಿತ್ರಕ್ಕೆ ತೈಲವರ್ಣವೋ, ಅಕ್ರಿಲಿಕ್ಕೋ?

ಅಮೂರ್ತ ಚಿತ್ರಕಲೆಯನ್ನು ವೃತ್ತಿಯಾಗಿ ಕೈಗೊಳ್ಳುವವರು ಮೊದಲು ನೋಡಬೇಕಾದದ್ದು ಬಣ್ಣ ಒಣಗುವ ವೇಗ. ನೀರು ಆರಿದೊಡನೆ ಗಟ್ಟಿಯಾಗುವ ಅಕ್ರಿಲಿಕ್ (ಪ್ಲಾಸ್ಟಿಕ್ ರಾಳವನ್ನು ನೀರಿನಲ್ಲಿ ಬೆರೆಸಿದ ಬಣ್ಣ), ಪದರದ ಮೇಲೆ ಪದರ ಹಚ್ಚುವವರಿಗೆ ಅನುಕೂಲ. ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವ ತೈಲವರ್ಣ, ಹಸಿ ಬಣ್ಣವನ್ನು ದಿನಗಟ್ಟಲೆ ಕೆರೆದು ತಿದ್ದುವವರಿಗೆ ಒಗ್ಗುತ್ತದೆ.

ಬಾಳಿಕೆಯ ವಿಷಯ ಇನ್ನೂ ಸೂಕ್ಷ್ಮ. ತಳಲೇಪವಿಲ್ಲದ, ಅಂದರೆ ಬಣ್ಣಕ್ಕೆ ಮುಂಚೆ ಬಳಿಯುವ ರಕ್ಷಣೆಯ ಪದರವಿಲ್ಲದ, ಕ್ಯಾನ್ವಾಸಿನ ಮೇಲೆ 1952ರಲ್ಲಿ ತೆಳು ತೈಲವರ್ಣ ಸುರಿದ ಅಮೆರಿಕದ ಅಮೂರ್ತ ಚಿತ್ರಕಲಾವಿದೆ ಹೆಲೆನ್ ಫ್ರಾಂಕೆಂಥಾಲರ್, 1960ರ ದಶಕದಲ್ಲಿ ಅಕ್ರಿಲಿಕ್‌ಗೆ ಹೊರಳಿದರು. ಲೇಪವಿಲ್ಲದ ಬಟ್ಟೆಯಲ್ಲಿ ಎಣ್ಣೆ ಹರಡಿ ಅಂಚಿನಲ್ಲಿ ಕಲೆಗಟ್ಟುತ್ತದೆ, ಕಾಲಕ್ರಮೇಣ ನೂಲನ್ನೂ ಶಿಥಿಲಗೊಳಿಸುತ್ತದೆ. ಆದ್ದರಿಂದ ಬಣ್ಣ ಇಂಗಿಸುವ ಶೈಲಿಗೆ ಅಕ್ರಿಲಿಕ್ಕೇ ಸರಿ. ತೈಲದ ಆಳವಾದ ಹೊಳಪು ಮಾತ್ರ, ನನ್ನ ಕಣ್ಣಿಗಂತೂ, ಅದರಲ್ಲಿ ಸಿಗುವುದಿಲ್ಲ.

ಬೆಲೆ ನೋಡಿದರೆ, ಕ್ಯಾಡ್ಮಿಯಂ ಲೋಹದಿಂದ ಮಾಡುವ ಗಾಢ ಹಳದಿ, ಕೆಂಪು ಬಣ್ಣಗಳು ಎರಡರಲ್ಲೂ ದುಬಾರಿಯೇ. ಗಾಳಿಯಾಡದ ಕೋಣೆಯಲ್ಲಿ ಕೆಲಸ ಮಾಡುವವರಿಗೆ, ಪ್ರದರ್ಶನದ ದಿನ ಹತ್ತಿರವಾದವರಿಗೆ, ಬೇಗ ಒಣಗುವ, ತೈಲವರ್ಣ ತೆಳುಮಾಡುವ ಘಾಟಿನ ದ್ರವ ಟರ್ಪೆಂಟೈನ್ ಬೇಡದ ಅಕ್ರಿಲಿಕ್ ಲೇಸು.