ಹೊಸ ಬ್ಲ್ಯಾಕಿಂಗ್ ಆಗಿದೆ ಅಂದರೆ ಹುಷಾರು: ಹಳೆಯ ನ್ಯಾರೋಬೋಟ್ ಕೊಳ್ಳುವವರಿಗೆ

ಇಂಗ್ಲೆಂಡಿನಲ್ಲಿ ಮನೆ ಬಾಡಿಗೆ ಏರಿದಂತೆಲ್ಲ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ "ಒಂದು ನ್ಯಾರೋಬೋಟ್ ತಗೊಂಡು ಅದರಲ್ಲೇ ಇದ್ದುಬಿಡೋಣ" ಅನ್ನುವ ಮಾತು ಆಗಾಗ ಬರುತ್ತಿದೆ. ನ್ಯಾರೋಬೋಟ್ ಅಂದರೆ ಕಾಲುವೆಯಲ್ಲಿ ಓಡುವ, ಒಳಗೆ ಮನೆಯಂತೆ ಇರಬಹುದಾದ ಉದ್ದನೆಯ ಕಿರಿದಾದ ಬೋಟ್. ತಗೊಳ್ಳಿ, ಬೇಡ ಅನ್ನುವುದಿಲ್ಲ. ಈಗ ನಮ್ಮದೂ ಒಂದಿದೆ. ಆದರೆ ಇದಕ್ಕೆ ಮೊದಲು ಇನ್ನೊಂದು ಬೋಟಿಗೆ ಮುಂಗಡ ಕೊಟ್ಟಿದ್ದೆವು. ಆ ದುಡ್ಡು ಪೂರ್ತಿ ವಾಪಸ್ ಬರಲೇ ಇಲ್ಲ. ಅದು ಹೇಗೆ ಹೋಯಿತು ಅನ್ನುವುದನ್ನು ಓದಿಕೊಂಡು ಆಮೇಲೆ ದುಡ್ಡು ಕಳಿಸಿ.

ಮಿಡ್‌ಲ್ಯಾಂಡ್ಸ್‌ನ ಒಂದು ಮರೀನಾದಲ್ಲಿ (ಬೋಟ್ ನಿಲ್ಲಿಸುವ ತಾಣ), ಬ್ರೋಕರ್ ಮೂಲಕ ಮಾರಾಟಕ್ಕಿದ್ದ ಬೋಟ್ ಅದು. ತೊಂಬತ್ತರ ದಶಕದ್ದು. 57 ಅಡಿ ಉದ್ದ, ಅಂದರೆ ಹೆಚ್ಚುಕಮ್ಮಿ ದೇಶದ ಎಲ್ಲ ಕಾಲುವೆಗಳಲ್ಲೂ ಓಡಾಡಬಹುದಾದ ಅಳತೆ. ಅಗಲ ಎಲ್ಲ ನ್ಯಾರೋಬೋಟ್‌ಗಳಂತೆ ಏಳು ಅಡಿಗೂ ಒಂದೆರಡು ಇಂಚು ಕಮ್ಮಿ; ಹಳೆಯ ಕಾಲುವೆಗಳ ಲಾಕ್‌ಗಳೇ (ಬೋಟನ್ನು ಏರಿಸಿ ಇಳಿಸುವ ಗೇಟಿನ ತೊಟ್ಟಿಗಳು) ಅಷ್ಟು ಕಿರಿದು. ಒಳಗೆ ಓಕ್ ಮರದ ಕೆಲಸ, ಚಂದದ ಒಲೆ. ಹೊರಗೆ ನೀರಿನ ಮಟ್ಟದ ತನಕ ಫಳಫಳ ಹೊಳೆಯುವ ಕರಿ ಬಣ್ಣ; ಉಕ್ಕಿಗೆ ತುಕ್ಕು ಹಿಡಿಯದಂತೆ ಇದನ್ನು ಬಳಿಯುವುದಕ್ಕೇ ಬ್ಲ್ಯಾಕಿಂಗ್ ಅನ್ನುತ್ತಾರೆ. "ಕಳೆದ ತಿಂಗಳಷ್ಟೇ ಬ್ಲ್ಯಾಕಿಂಗ್ ಆಗಿದೆ, ಇನ್ನು ಎರಡು ಮೂರು ವರ್ಷ ಅದರ ಚಿಂತೆಯಿಲ್ಲ" ಅಂತ ಬ್ರೋಕರ್ ಮೂಗಿಗೆ ತುಪ್ಪ ಸವರಿದ. ಜೊತೆಗೆ ಬೋಟ್ ಸೇಫ್ಟಿ ಸರ್ಟಿಫಿಕೇಟು, ಹಳೆಯ ಸರ್ವೆ ರಿಪೋರ್ಟು (ಬೋಟಿನ ಸ್ಥಿತಿ ಪರೀಕ್ಷಿಸಿ ಬರೆದದ್ದು). ಬೇರೆಯವರೂ ನೋಡಿಕೊಂಡು ಹೋಗಿದ್ದಾರೆ ಅಂದದ್ದಕ್ಕೆ ಮುಂಗಡ ಕಳಿಸಿದೆವು. ಅಗ್ರಿಮೆಂಟ್ ಇಮೇಲಿನಲ್ಲಿ ಬಂದದ್ದು ದುಡ್ಡು ತಲುಪಿದ ಮೇಲೆ.

ಈ ಎರಡು ಕಾಗದಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸೇಫ್ಟಿ ಸರ್ಟಿಫಿಕೇಟು ನಾಲ್ಕು ವರ್ಷಕ್ಕೊಮ್ಮೆ ಆಗಬೇಕಾದದ್ದು. ಅದರಲ್ಲಿ ನೋಡುವುದು ಗ್ಯಾಸ್, ಇಂಧನ, ವೈರಿಂಗ್, ಬೆಂಕಿ, ವಿಷಾನಿಲದ ಅಪಾಯ ಇಷ್ಟನ್ನೇ. ತಳದ ಉಕ್ಕು ಎಷ್ಟು ಉಳಿದಿದೆ ಅಂತ ಅದು ಹೇಳುವುದಿಲ್ಲ. ಇನ್ನು ಮಾರುವವರು ತೋರಿಸುವ ಸರ್ವೆ ರಿಪೋರ್ಟು ಅದನ್ನು ಮಾಡಿಸಿದವರಿಗೆ ಮಾತ್ರ ಸೇರಿದ್ದು. ಅದನ್ನು ನಂಬಿ ಕೊಂಡವರು ನಾಳೆ ಆ ಸರ್ವೇಯರ್ ಬಳಿ ಹೋದರೆ "ನೀವು ಯಾರು?" ಅಂತಾನೆ.

ನಾವು ನಮ್ಮದೇ ಸರ್ವೇಯರನ್ನು ಗೊತ್ತು ಮಾಡಿ, ಬೋಟನ್ನು ನೀರಿನಿಂದ ಮೇಲೆತ್ತಿಸಿದೆವು. ಎತ್ತುವ ಖರ್ಚೂ ನಮ್ಮದೇ. ಆತ ವಯಸ್ಸಾದ ಮನುಷ್ಯ, ಮಾತು ಕಮ್ಮಿ. ಒಂದು ಸುತ್ತು ಬಂದು, ತಳದ ಪಕ್ಕಕ್ಕೆ ವೆಲ್ಡ್ ಮಾಡಿದ್ದ ಆನೋಡ್ ತೋರಿಸಿ "ಇದನ್ನು ನೋಡಿ" ಅಂದ. ಆನೋಡ್ ಅಂದರೆ ಮೆಗ್ನೀಶಿಯಮ್ ಗಟ್ಟಿ. ಬೋಟಿನ ಉಕ್ಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಅದರ ಮೇಲೂ ಕರಿ ಬಣ್ಣ ಬಳಿದಿದ್ದರು! ಬಣ್ಣ ಮೆತ್ತಿದ ಆನೋಡ್ ನೀರಿಗೆ ತಾಗುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ. ಇಷ್ಟು ಗೊತ್ತಿಲ್ಲದವರು, ಅಥವಾ ಗೊತ್ತಿದ್ದೂ ಅವಸರದಲ್ಲಿ ಇದ್ದವರು ಬಳಿದ ಬಣ್ಣ ಅಂತ ಅಲ್ಲೇ ತಿಳಿಯಿತು.

ಆಮೇಲೆ ಬಣ್ಣ ಕೆರೆಯುವ ಮಾತು ಬಂತು. ಬ್ರೋಕರ್ ಒಪ್ಪಲಿಲ್ಲ. ಹೊಸ ಬಣ್ಣ ಹಾಳಾಗುತ್ತದಂತೆ. "ಕೆರೆಯದೆ ನಾನು ರಿಪೋರ್ಟ್ ಬರೆಯುವುದಿಲ್ಲ" ಅಂತ ಸರ್ವೇಯರ್ ಹತಾರ ಕೆಳಗಿಟ್ಟು ನಿಂತ. ಅರ್ಧ ಗಂಟೆ ಫೋನಾಟದ ನಂತರ ಮಾಲೀಕ ಹೂಂ ಅಂದ. ಕೆರೆದರೆ ಒಳಗೆ ಕಡಲೆಕಾಳು ಕೂರುವಷ್ಟು ದೊಡ್ಡ ಗುಳಿಗಳು, ಅದರಲ್ಲೂ ನೀರಿನ ಮಟ್ಟದ ಗೆರೆಯಗುಂಟ ಸಾಲಾಗಿ. ಈಗಿನ ಬೋಟ್‌ಗಳಲ್ಲಿ ಸಾಮಾನ್ಯವಾಗಿ ತಳ 10 ಮಿ.ಮೀ., ಪಕ್ಕ 6 ಮಿ.ಮೀ., ಕ್ಯಾಬಿನ್ 4 ಮಿ.ಮೀ. ದಪ್ಪದ ಉಕ್ಕು, ಇದರ ಜಾಹೀರಾತಿನಲ್ಲೂ ಅದೇ 10-6-4 ಬರೆದಿತ್ತು. ಅಲ್ಟ್ರಾಸೌಂಡ್ ಮೀಟರ್ ಇಟ್ಟರೆ ಪಕ್ಕದಲ್ಲಿ ಕೆಲವು ಕಡೆ ಅರ್ಧದಷ್ಟೇ ಉಳಿದಿತ್ತು. 4 ಮಿ.ಮೀ.ಗಿಂತ ತೆಳುವಾದರೆ ಎಷ್ಟೋ ವಿಮಾ ಕಂಪನಿಗಳು ಪೂರ್ತಿ ವಿಮೆ ಕೊಡಲು ಹಿಂದೆಮುಂದೆ ನೋಡುತ್ತವೆ.

ಹೀಗೇಕೆ ಆಯಿತು? ಬೋಟ್ ವರ್ಷಗಟ್ಟಲೆ ಮರೀನಾದ ಕರೆಂಟಿಗೆ ಸಿಕ್ಕಿಸಿಕೊಂಡೇ ನಿಂತಿತ್ತು. ಪ್ಲಗ್ ಹಾಕಿದ ಕೂಡಲೇ ಅರ್ಥಿಂಗ್ ವೈರಿನ ಮೂಲಕ ನಿಮ್ಮ ಬೋಟಿನ ಉಕ್ಕು ಅಕ್ಕಪಕ್ಕದ ಎಲ್ಲ ಬೋಟ್‌ಗಳ ಉಕ್ಕಿಗೂ ಸೇರಿಕೊಳ್ಳುತ್ತದೆ. ನಡುವೆ ನೀರು. ಸಣ್ಣ ಡಿ.ಸಿ. ಕರೆಂಟು ಸದ್ದಿಲ್ಲದೆ ಹರಿದು ಮೊದಲು ಆನೋಡ್ ತಿನ್ನುತ್ತದೆ, ಆಮೇಲೆ ಬೋಟನ್ನೇ. ತಡೆಯಲು ಗ್ಯಾಲ್ವನಿಕ್ ಐಸೊಲೇಟರ್ ಅನ್ನುವ ಚಿಕ್ಕ ಪೆಟ್ಟಿಗೆ ಸಿಗುತ್ತದೆ; ಇಡೀ ಬೋಟಿನ ಬೆಲೆಯ ಮುಂದೆ ಅದರ ಬೆಲೆ ಏನೇನೂ ಅಲ್ಲ. ಈ ಬೋಟಿನಲ್ಲಿ ಅದು ಇರಲಿಲ್ಲ. ಈಗಾಗಲೇ ಬೋಟ್ ಇರುವವರು ದಯವಿಟ್ಟು ಇವತ್ತೇ ನಿಮ್ಮದರಲ್ಲಿ ಇದೆಯಾ ನೋಡಿ. ಬ್ಲ್ಯಾಕಿಂಗ್‌ಗೆ ಮೇಲೆತ್ತಿದಾಗಲೆಲ್ಲ ಆನೋಡ್ ಎಷ್ಟು ಸವೆದಿದೆ ಅಂತ ನೀವೇ ಬಗ್ಗಿ ನೋಡಿ. ಸವೆದಿದ್ದರೆ ಒಳ್ಳೆಯದೇ, ಹಾಗೇ ಉಳಿದಿದ್ದರೆ ಏನೋ ಎಡವಟ್ಟಿದೆ.

ಬೋಟ್ ಬೇಡ ಅಂದಾಗ ನಿಜವಾದ ಜಗಳ ಶುರುವಾಯಿತು. ಅಗ್ರಿಮೆಂಟಿನಲ್ಲಿ ಒಂದು ಷರತ್ತು: ಸರ್ವೆಯಲ್ಲಿ ದೋಷ ಕಂಡರೆ ಅದನ್ನು ಸರಿಪಡಿಸಿಕೊಡುವ ಅವಕಾಶ ಮಾರುವವರಿಗೆ ಇದೆ, ಸರಿಪಡಿಸಿದರೆ ಕೊಳ್ಳಲೇಬೇಕು. ತೆಳುವಾದ ಕಡೆ ಮೇಲೊಂದು ತಗಡು ಕೂರಿಸಿ ವೆಲ್ಡ್ ಮಾಡಿಕೊಡುತ್ತೇವೆ ಅಂದರು. ಓವರ್‌ಪ್ಲೇಟಿಂಗ್ ತಪ್ಪಲ್ಲ, ಸರಿಯಾಗಿ ಮಾಡಿದರೆ ಬಾಳಿಕೆ ಬರುತ್ತದೆ. ಆದರೆ ಆನೋಡಿಗೆ ಬಣ್ಣ ಬಳಿದ ಕೈಗಳಿಂದಲೇ ಅದನ್ನೂ ಮಾಡಿಸಿಕೊಳ್ಳುವ ಧೈರ್ಯ ನಮಗಿರಲಿಲ್ಲ. ವಾರಗಟ್ಟಲೆ ಇಮೇಲ್ ಕಾದಾಟದ ಮೇಲೆ ಮುಂಗಡದಲ್ಲಿ ಅರ್ಧ ಬಂತು. ಸರ್ವೆ, ಎತ್ತುವ ಬಾಡಿಗೆ ಎಲ್ಲ ಸೇರಿ ಹೋದದ್ದು ಹೋಯಿತು. ಆದರೂ ಸರ್ವೇಯರಿಗೆ ಕೊಟ್ಟ ದುಡ್ಡಿನ ಬಗ್ಗೆ ಇವತ್ತಿಗೂ ನನಗೆ ಬೇಸರವಿಲ್ಲ.

ಇನ್ನೊಂದು ಹಸಿಸುಳ್ಳು. "ಮೂರಿಂಗ್ ಜಾಗ ಇಲ್ಲದಿದ್ದರೂ ನಡೆಯುತ್ತೆ, ಮಿಲ್ಟನ್ ಕೀನ್ಸ್ ಹತ್ತಿರವೇ ಇದ್ದುಕೊಂಡು ಆಫೀಸಿಗೆ ಹೋಗಬಹುದು" ಅಂತ ಅದೇ ಬ್ರೋಕರ್ ಹೇಳಿದ್ದ. ಮೂರಿಂಗ್, ಅಂದರೆ ಬೋಟ್ ಕಟ್ಟಿ ನಿಲ್ಲಿಸುವ ಖಾಯಂ ಜಾಗ, ಇಲ್ಲದ ಬೋಟ್ ಒಂದೇ ಕಡೆ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಕಾಲುವೆಯುದ್ದಕ್ಕೂ ನಿಜವಾಗಿ ಸಂಚರಿಸುತ್ತಿರಬೇಕು. ಇದು 1995ರ ಬ್ರಿಟಿಷ್ ವಾಟರ್‌ವೇಸ್ ಕಾಯಿದೆಯಲ್ಲೇ ಇದೆ. ಎರಡು ಸೇತುವೆಗಳ ನಡುವೆ ಹಿಂದೆಮುಂದೆ ಓಡಾಡಿಸಿದರೆ ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಲೈಸೆನ್ಸ್‌ಗೇ ತಕರಾರು ಎತ್ತುತ್ತದೆ. 2024ರ ಏಪ್ರಿಲ್‌ನಿಂದ ಖಾಯಂ ಮೂರಿಂಗ್ ಇಲ್ಲದ ಬೋಟ್‌ಗಳಿಗೆ ಲೈಸೆನ್ಸ್ ಮೇಲೆ ಹೆಚ್ಚುವರಿ ಶುಲ್ಕವೂ ಬಂದಿದೆ. ಮಕ್ಕಳನ್ನು ಸ್ಕೂಲಿಗೆ ಕಳಿಸುವವರು ಮೊದಲು ಮೂರಿಂಗ್ ಹುಡುಕಿ, ಆಮೇಲೆ ಬೋಟ್ ಹುಡುಕಿ.

ನೋಡಲು ಹೋದಾಗ ಮೊದಲು ಇಂಜಿನ್ ಮುಟ್ಟಿ ನೋಡಿ. ತಣ್ಣಗಿರಬೇಕು. ಬಿಸಿಯಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ತಣ್ಣಗಿರುವಾಗ ಅದು ಎಷ್ಟು ಸತಾಯಿಸುತ್ತದೋ ನಿಮಗೆ ಗೊತ್ತಾಗುವುದಿಲ್ಲ. ಪ್ರೊಪೆಲ್ಲರ್ ಮೇಲಿರುವ ವೀಡ್ ಹ್ಯಾಚ್ ಮುಚ್ಚಳ ಬಿಗಿಯಾಗಿ ಕೂರುತ್ತದಾ, ಸೀಲ್ ಸರಿಯಿದೆಯಾ ಅಂತ ತೆಗೆದು ಹಾಕಿಸಿ ನೋಡಿ. ಅದು ಸಡಿಲವಾಗಿದ್ದು ಇಂಜಿನ್ ಕೋಣೆಗೆ ನೀರು ನುಗ್ಗಿ ಮುಳುಗಿದ ಬೋಟ್‌ಗಳಿವೆ.

ಮುಂಗಡದ ಮೊದಲು ಅಗ್ರಿಮೆಂಟ್ ತರಿಸಿ ಓದಿ. "ಸರ್ವೆ ನಮಗೆ ಸಮಾಧಾನ ಆಗದಿದ್ದರೆ ಪೂರ್ತಿ ಮುಂಗಡ ವಾಪಸ್, ಬಣ್ಣ ಕೆರೆಯಲು ಮಾಲೀಕರ ಒಪ್ಪಿಗೆ ಇದೆ" ಅಂತ ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ಹೂಂ ಅಂದು ಬರೆದುಕೊಡಲು ಹಿಂಜರಿದರೆ ಕಾರು ತಿರುಗಿಸಿಕೊಂಡು ಮನೆಗೆ ಬನ್ನಿ.