ಎಪಿಡಿಯೊಲೆಕ್ಸ್ ಜೊತೆ ಮೂರೂವರೆ ವರ್ಷ: ಮಗನಿಗೆ ದಿನಕ್ಕೆರಡು ಹೊತ್ತು ಕೊಟ್ಟ ಅನುಭವ

ನಮ್ಮ ಅಡುಗೆಮನೆ ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತಾಡುತ್ತದೆ. ನಾವಿರುವುದು ನ್ಯೂಜೆರ್ಸಿಯಲ್ಲಿ, ಆದರೂ ಪ್ರತಿ ವರ್ಷ ಊರಿಂದ ಬರುವವರ ಹತ್ತಿರ ತಪ್ಪದೆ ತರಿಸುತ್ತೇವೆ. ಅದರ ಚೌಕಗಳಲ್ಲಿ ಏಕಾದಶಿ, ಹುಣ್ಣಿಮೆಗಳ ಪಕ್ಕ ಕೆಂಪು ಪೆನ್ನಿನ ಚುಕ್ಕಿಗಳಿರುತ್ತವೆ. ಒಂದು ಚುಕ್ಕಿ ಅಂದರೆ ನನ್ನ ಮಗ ಪುಟ್ಟ ಫಿಟ್ಸ್ ಬಂದು ಒಂದು ಸಲ ಬಿದ್ದ ಅಂತ. 2021ರ ಜುಲೈ ಹಾಳೆಯಲ್ಲಿ 43 ಚುಕ್ಕಿಗಳಿವೆ. ಮುಂದಿನ ತಿಂಗಳು ಎಪಿಡಿಯೊಲೆಕ್ಸ್ ಅನ್ನುವ ಈ ಫಿಟ್ಸ್ ಔಷಧಿ ಶುರುಮಾಡಿದೆವು. ಈಗ ತಿಂಗಳಿಗೆ 15ರಿಂದ 20 ಚುಕ್ಕಿ. ಇದೇ ಕಾಯಿಲೆಯ ಮಕ್ಕಳಿರುವ ಮನೆಯವರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಫೋನಿನಲ್ಲಿ ಅರ್ಧ ಹೇಳಿ ಅರ್ಧ ಮರೆಯುತ್ತೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಔಷಧಿ ಕೊಡುವ ಕೈ ಅಷ್ಟೆ.

ಪುಟ್ಟನಿಗೆ ಲೆನಾಕ್ಸ್-ಗ್ಯಾಸ್ಟೋ ಸಿಂಡ್ರೋಮ್, ಚಿಕ್ಕಂದಿನಲ್ಲೇ ಶುರುವಾಗಿ ಔಷಧಿಗೆ ಸುಲಭವಾಗಿ ಬಗ್ಗದ ಫಿಟ್ಸ್ ಕಾಯಿಲೆ. ನಾವು ಫಿಟ್ಸ್ ಅಂದಾಗ ಕೈಕಾಲು ಸೆಳೆದು ಬಾಯಲ್ಲಿ ನೊರೆ ಬರುವುದು ಮಾತ್ರ ಕಣ್ಣಿಗೆ ಬರುತ್ತದೆ. ಇವನಿಗೆ ಅದರ ಜೊತೆ ಇನ್ನೊಂದಿದೆ: ನಿಂತಿದ್ದ ಮಗು ಕಡಿದ ಬಾಳೆಗಿಡದ ಹಾಗೆ ನೆಲಕ್ಕೆ ಬೀಳುತ್ತದೆ. ಕೈ ಊರುವಷ್ಟೂ ಸಮಯ ಇರುವುದಿಲ್ಲ. ಐದನೇ ವಯಸ್ಸಿಂದ ತಲೆಗೆ ಹೆಲ್ಮೆಟ್. ವಾಲ್ಪ್ರೊಯೇಟ್, ಕ್ಲೊಬಜಾಮ್, ಲ್ಯಾಮೊಟ್ರಿಜಿನ್ ಅನ್ನುವ ಫಿಟ್ಸ್ ಔಷಧಿಗಳೆಲ್ಲ ಆದಮೇಲೆ ನ್ಯೂರಾಲಜಿಸ್ಟ್ ಎಪಿಡಿಯೊಲೆಕ್ಸ್ ಹೆಸರು ಎತ್ತಿದರು. ಗಾಂಜಾ ಗಿಡದಿಂದ ತೆಗೆದು ಶುದ್ಧ ಮಾಡಿದ ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜೂನ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು ಲೆನಾಕ್ಸ್-ಗ್ಯಾಸ್ಟೋ ಮತ್ತು ಡ್ರವೆ ಸಿಂಡ್ರೋಮ್ (ಅದೂ ಮಕ್ಕಳ ಫಿಟ್ಸ್ ಕಾಯಿಲೆಯೇ) ಎರಡಕ್ಕೆ. 2020ರಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್ (ಮೆದುಳು ಮುಂತಾದ ಕಡೆ ಗಡ್ಡೆ ಬೆಳೆಯುವ ಕಾಯಿಲೆ) ಇರುವವರ ಫಿಟ್ಸ್‌ಗೂ ಸೇರಿಸಿದರು. ಡಾಕ್ಟರ್ ಮೊದಲ ದಿನವೇ ಬಿಡಿಸಿ ಹೇಳಿದ್ದರು: ಇದೇ ಕಾಯಿಲೆಯ 225 ಜನರ ಮೇಲೆ ನಡೆದ ಪ್ರಯೋಗದಲ್ಲಿ ಹೆಚ್ಚಿನ ಡೋಸ್ ತೆಗೆದುಕೊಂಡವರಲ್ಲಿ ಬೀಳುವ ಫಿಟ್ಸ್ ಸುಮಾರು 42 ಶೇಕಡಾ ಇಳಿದಿತ್ತು, ಔಷಧಿಯಿಲ್ಲದ ಬರೀ ದ್ರಾವಣ ಕುಡಿದವರಲ್ಲಿ 17 ಶೇಕಡಾ. "ನಿಂತೇ ಹೋಗುತ್ತೆ ಅಂತ ಮನಸ್ಸಲ್ಲಿ ಇಟ್ಟುಕೊಳ್ಳಬೇಡಿ" ಅಂದರು. ಆ ಮಾತು ನನಗೆ ಇವತ್ತಿಗೂ ಉಪಕಾರ ಮಾಡುತ್ತಿದೆ.

ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ಹಾಸನದಿಂದ ಬಂದಿತು. ನಮ್ಮತ್ತೆ ವಿಡಿಯೊ ಕಾಲ್‌ನಲ್ಲಿ, "ಮಗೂಗೆ ಗಾಂಜಾ ಕುಡಿಸ್ತೀಯೇನಮ್ಮಾ?" ಅಂತ ಕೇಳಿದಾಗ ಅವರ ದನಿ ನಡುಗಿತು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಗಾಂಜಾ ಸೇದಿದರೆ ಅಮಲೇರಿಸುವ ವಸ್ತು ಟಿಎಚ್‌ಸಿ. ಸಿಬಿಡಿ ಬೇರೆ, ಅಮಲು ಕೊಡುವುದಿಲ್ಲ. ಹಾಗಂತ ಇದು ಕಷಾಯದ ಹಾಗೆ ನಿರಪಾಯವೂ ಅಲ್ಲ. ಲಿವರ್ ಮೇಲೆ, ನಿದ್ದೆಯ ಮೇಲೆ, ಬೇರೆ ಮಾತ್ರೆಗಳ ಮೇಲೆ ಕೈಯಾಡಿಸುವ ಗಟ್ಟಿ ಔಷಧಿ. "ಗಿಡದ್ದು ತಾನೆ, ಏನಾಗುತ್ತೆ" ಅನ್ನುವ ಧೈರ್ಯವೂ ಬೇಡ, "ಗಾಂಜಾ" ಅನ್ನುವ ಹೆದರಿಕೆಯೂ ಬೇಡ.

ಡೋಸ್ ತೂಕದ ಲೆಕ್ಕ. ಒಂದು ಎಂಎಲ್‌ನಲ್ಲಿ 100 ಮಿಲಿಗ್ರಾಂ. ಪುಟ್ಟ ಆಗ 24 ಕಿಲೊ. ಮೊದಲ ವಾರ ಕಿಲೊಗೆ ಎರಡೂವರೆ ಮಿಲಿಗ್ರಾಂ, ಅಂದರೆ ಒಂದು ಹೊತ್ತಿಗೆ 0.6 ಎಂಎಲ್, ದಿನಕ್ಕೆ ಎರಡು ಹೊತ್ತು. ಎರಡನೇ ವಾರದಿಂದ ಅದರ ಎರಡರಷ್ಟು, 1.2. ಅಲ್ಲಿಂದ ಮುಂದೆ ಏರಿಸುವಾಗ ಭೇದಿ ಹಿಡಿಯಿತು, ಊಟ ಬಿಟ್ಟ, ಒಂದೂವರೆ ಕಿಲೊ ಇಳಿದ. ಡಾಕ್ಟರ್ ಏರಿಕೆಯನ್ನು ಅಲ್ಲೇ ನಿಲ್ಲಿಸಿ, ಆಮೇಲೆ ನಿಧಾನವಾಗಿ ತಿಂಗಳುಗಟ್ಟಲೆ ತೆಗೆದುಕೊಂಡು ಹೋದರು. 32 ಕಿಲೊ ಆಗುವಾಗ ಹೊತ್ತಿಗೆ 2.4 ಎಂಎಲ್‌ಗೆ ಬಂತು, ಈಗಲೂ ಅಷ್ಟೇ. ಇದು ನನ್ನ ಮಗನ ಲೆಕ್ಕ. ನಿಮ್ಮ ಮಗುವಿನ ಲೆಕ್ಕ ನಿಮ್ಮ ಡಾಕ್ಟರೇ ಬರೆಯಬೇಕು. ಲಿವರ್ ತೊಂದರೆ ಇದ್ದವರಿಗೆ ಡೋಸೇ ಕಮ್ಮಿ.

ಔಷಧಿ ಎಳ್ಳೆಣ್ಣೆಯಲ್ಲಿ ಕರಗಿರುತ್ತದೆ, ಸ್ಟ್ರಾಬೆರಿ ವಾಸನೆ. ಎಳ್ಳು ಅಲರ್ಜಿ ಇದ್ದವರಿಗೆ ಇದು ಆಗದು, ಮೊದಲೇ ಹೇಳಿಬಿಡಿ. ಸ್ವಲ್ಪ ಆಲ್ಕೋಹಾಲೂ ಇದೆ. ಅತ್ತೆ ವಾಸನೆ ನೋಡಿ ಎಳ್ಳೆಣ್ಣೆ ಅಂತ ಗುರುತು ಹಿಡಿದ ಮೇಲೇ ಅವರಿಗೆ ಸಮಾಧಾನವಾಗಿದ್ದು. ಕಂದು ಗಾಜಿನ ಬಾಟಲಿ, ಬಾಯಿಗೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಅಡಾಪ್ಟರ್, ಅಳತೆ ಗೆರೆಗಳ ಸಿರಿಂಜ್ ಜೊತೆಗೇ ಬರುತ್ತದೆ. ಮನೆಯ ಚಮಚದಲ್ಲಿ ಕೊಡಲೇಬೇಡಿ. ಸಿರಿಂಜನ್ನು ಅಡಾಪ್ಟರಿಗೆ ಸಿಕ್ಕಿಸಿ ಬಾಟಲಿ ತಲೆಕೆಳಗೆ ಮಾಡಿ ಎಳೆಯಬೇಕು. ಗುಳ್ಳೆ ಬಂದರೆ ಪೂರ್ತಿ ಒಳಗೆ ತಳ್ಳಿ ಮತ್ತೆ ಎಳೆಯಬೇಕು. ಆಮೇಲೆ ಕೆನ್ನೆಯ ಒಳಮೈಗೆ ತಾಗಿಸಿ ಮೆಲ್ಲಗೆ ಬಿಡಬೇಕು. ಗಂಟಲಿಗೆ ಚಿಮ್ಮಿಸಿದರೆ ಕೆಮ್ಮಿ ಉಗುಳಿಬಿಡುತ್ತಾರೆ. ಎಷ್ಟು ಒಳಗೆ ಹೋಯಿತು, ಎಷ್ಟು ಅಂಗಿಗೆ ಹೋಯಿತು ಗೊತ್ತಾಗುವುದಿಲ್ಲ, ಮತ್ತೆ ಅಂದಾಜಿನಲ್ಲಿ ಕೊಡುವಂತೆಯೂ ಇಲ್ಲ.

ಸಿರಿಂಜ್ ತೊಳೆಯುವುದರಲ್ಲಿ ನಾನೊಂದು ತಪ್ಪು ಮಾಡಿದೆ. ಬಿಸಿನೀರು, ಸೋಪಿನಲ್ಲಿ ತೊಳೆದು, ಕೊಡವಿ, ಒಣಗುವ ಮೊದಲೇ ಮುಂದಿನ ಹೊತ್ತಿಗೆ ಬಾಟಲಿಗೆ ಹಾಕಿದೆ. ಒಳಗಿದ್ದ ಎರಡು ಹನಿ ನೀರು ಎಣ್ಣೆಗೆ ಸೇರಿ, ತಿಳಿಯಾಗಿದ್ದದ್ದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಯಿತು. ಅವತ್ತಿನಿಂದ ಎರಡು ಸಿರಿಂಜ್, ಬೆಳಗ್ಗೆಗೆ ಒಂದು, ರಾತ್ರಿಗೆ ಒಂದು. ಹಿಡಿ, ಕೊಳವೆ ಬೇರೆ ಬೇರೆ ಮಾಡಿ ಬಟ್ಟೆಯ ಮೇಲೆ ಹನ್ನೆರಡು ಗಂಟೆ ಒಣಗುತ್ತವೆ. ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬಾರದು, ನಿಲ್ಲಿಸಿಯೇ ಇಡಬೇಕು. ತೆರೆದ ತಾರೀಕನ್ನು ಮೇಲೆ ಬರೆಯಿರಿ. 12 ವಾರ ದಾಟಿದರೆ ಉಳಿದದ್ದನ್ನು ಬಳಸುವಂತಿಲ್ಲ.

ಈಗ ಊಟದ ವಿಷಯ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಬ್ಬಿರುವ ಊಟದ ಜೊತೆ ಕೊಟ್ಟರೆ ಖಾಲಿ ಹೊಟ್ಟೆಗಿಂತ ರಕ್ತದಲ್ಲಿ ಔಷಧಿಯ ಮಟ್ಟ ನಾಲ್ಕೈದು ಪಟ್ಟು ಏರುತ್ತದೆ. ಎಣ್ಣೆಯಲ್ಲಿ ಕರಗುವ ವಸ್ತು, ಕೊಬ್ಬಿನ ಜೊತೆ ಸುಲಭವಾಗಿ ಒಳಗೆ ಹೋಗುತ್ತದೆ. 2022ರ ಗಣೇಶನ ಹಬ್ಬಕ್ಕೆ ಅತ್ತೆ ಇಲ್ಲೇ ಇದ್ದರು. ದಿನವೂ ರಾತ್ರಿ ಪುಟ್ಟನದು ಅನ್ನ, ತಿಳಿಸಾರು, ಕೆನೆ ತೆಗೆದ ಹಾಲಿನ ಮೊಸರು. ಅವತ್ತು ಎರಡು ಹೋಳಿಗೆ, ಮೇಲೆ ಧಾರಾಳವಾಗಿ ತುಪ್ಪ. ಮಗು ತಿನ್ನುತ್ತಾನಲ್ಲ ಅಂತ ನನಗೂ ಖುಷಿ. ಡೋಸ್ ಎಂದಿನಷ್ಟೇ ಕೊಟ್ಟೆ. ಮರುದಿನ ಒಂಬತ್ತಾದರೂ ಏಳಲಿಲ್ಲ. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದ, ಜೊಲ್ಲು ದಿಂಬಿಗೆ ಇಳಿದಿತ್ತು. ಕ್ಲಿನಿಕ್‌ನ ನರ್ಸ್‌ಗೆ ಫೋನ್ ಮಾಡಿದೆ. ಉಸಿರಾಟ ಎಣಿಸಲು ಹೇಳಿದರು, ಡಾಕ್ಟರನ್ನು ಕೇಳಿ ಬೆಳಗಿನ ಡೋಸ್ ತಡಮಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಎದ್ದು ಕೂತ. ಅತ್ತೆ ದೇವರ ಮುಂದೆ ಕೂತು, "ನಾನೇ ತುಪ್ಪ ಬಡಿಸಿದ್ದು" ಅಂತ ಅತ್ತರು. ಅವರ ತಪ್ಪೇನಿಲ್ಲ, ಹೇಳಬೇಕಾದವಳು ನಾನು. ಆಮೇಲೆ ಅವರೇ ಒಂದು ಸಣ್ಣ ಸ್ಟೀಲ್ ಚಮಚ ಎತ್ತಿಟ್ಟರು. ಬೆಳಗ್ಗೆ ದೋಸೆಗೆ ಆ ಚಮಚದಲ್ಲಿ ಒಂದು ಬೆಣ್ಣೆ, ರಾತ್ರಿ ಅನ್ನಕ್ಕೆ ಒಂದು ತುಪ್ಪ. ಹಬ್ಬವಿದ್ದರೂ ಅಷ್ಟೆ, ಏಕಾದಶಿಯಾದರೂ ಅಷ್ಟೆ. ಹೋಳಿಗೆ ತಿನ್ನುವುದಾದರೆ ಮಧ್ಯಾಹ್ನ, ಡೋಸ್‌ನಿಂದ ದೂರ. ಊಟ ಯಾವುದಾದರೂ ಇರಲಿ, ದಿನವೂ ಒಂದೇ ಥರ ಇರಲಿ.

ಆ ನಿದ್ದೆಗೆ ತುಪ್ಪ ಒಂದೇ ಕಾರಣವಲ್ಲ. ಸಿಬಿಡಿ ಕ್ಲೊಬಜಾಮ್ ಜೊತೆ ಸೇರಿದಾಗ, ಕ್ಲೊಬಜಾಮ್ ದೇಹದಲ್ಲಿ ಒಡೆದು ಆಗುವ ಇನ್ನೊಂದು ವಸ್ತುವಿನ ಮಟ್ಟ ಸುಮಾರು ಮೂರು ಪಟ್ಟಾಗುತ್ತದೆ. ತೂಕಡಿಕೆ ಅದರದ್ದು. ಹಾಗಾಗಿ ಡಾಕ್ಟರ್ ಕ್ಲೊಬಜಾಮ್ ಅನ್ನು ಅರ್ಧಕ್ಕೆ ಇಳಿಸಿದರು. ಒಂದೇ ತಿಂಗಳಲ್ಲಿ ಟೀಚರ್ "ಇವನೀಗ ಮಧ್ಯಾಹ್ನವೂ ಎಚ್ಚರವಾಗಿರ್ತಾನೆ" ಅಂತ ಬರೆದು ಕಳಿಸಿದರು. ನೆಗಡಿ ಸಿರಪ್ ಕೂಡ ಕೇಳದೆ ಕೊಡುವುದಿಲ್ಲ ನಾನು, ಅವುಗಳಲ್ಲಿ ನಿದ್ದೆ ಬರಿಸುವವು ಬಹಳ.

ಇನ್ನು ಲಿವರ್. ಶುರುಮಾಡುವ ಮೊದಲು ರಕ್ತ ಪರೀಕ್ಷೆ, ಆಮೇಲೆ ಒಂದನೇ, ಮೂರನೇ, ಆರನೇ ತಿಂಗಳು. ವಾಲ್ಪ್ರೊಯೇಟ್ ಜೊತೆಗಿದ್ದರೆ ಲಿವರ್ ಎನ್‌ಜೈಮ್ ಏರುವ ಅಪಾಯ ಹೆಚ್ಚು, ಪುಟ್ಟ ಅದನ್ನೂ ತೆಗೆದುಕೊಳ್ಳುತ್ತಿದ್ದ. ಮೊದಲ ತಿಂಗಳು ಸರಿಯಿತ್ತು. ಮೂರನೇ ತಿಂಗಳು ಎಎಲ್‌ಟಿ ಅನ್ನುವ ಲಿವರ್ ಎನ್‌ಜೈಮ್ 148, ಇರಬೇಕಾದ ಮಿತಿಯ ಮೂರು ಪಟ್ಟಿಗಿಂತ ಜಾಸ್ತಿ. ನೋಡಲು ಮಗು ಚೆನ್ನಾಗೇ ಇದ್ದ, ಆಟವಾಡಿಕೊಂಡಿದ್ದ. ಪರೀಕ್ಷೆ ಮಾಡಿಸದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಏರಿರಲಿಲ್ಲ, ಹಾಗಾಗಿ ಎಪಿಡಿಯೊಲೆಕ್ಸ್ ಉಳಿಸಿಕೊಂಡು ವಾಲ್ಪ್ರೊಯೇಟ್ ಅನ್ನು ವಾರವಾರ ಇಳಿಸುತ್ತಾ ಬಂದರು. ಎರಡು ತಿಂಗಳಲ್ಲಿ ಎಎಲ್‌ಟಿ 36ಕ್ಕೆ ಬಂತು. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಬಿಡದ ವಾಂತಿ, ಬಲಪಕ್ಕೆಯಲ್ಲಿ ನೋವು ಕಂಡರೆ ಮುಂದಿನ ಪರೀಕ್ಷೆಗೆ ಕಾಯದೆ ಅವತ್ತೇ ಫೋನ್ ಮಾಡಿ. ಮನಸ್ಸು ಕುಗ್ಗಿದ ಹಾಗಿದ್ದರೆ, ಸಿಡುಕು ಹೆಚ್ಚಾದರೆ ಅದನ್ನೂ ಹೇಳಿ. ಮಾತು ಕಡಿಮೆ ಇರುವ ಮಕ್ಕಳಲ್ಲಿ ಅದನ್ನು ನಾವೇ ಗಮನಿಸಬೇಕು.

ದುಡ್ಡಿನ ವಿಷಯದಲ್ಲಿ ನನಗೆ ಬೇಸರವಿದೆ. ಮಾರುಕಟ್ಟೆಗೆ ಬಂದಾಗ ಇದರ ಬೆಲೆ ವರ್ಷಕ್ಕೆ ಸುಮಾರು 32,500 ಡಾಲರ್ ಇತ್ತು. ಇನ್ಶೂರೆನ್ಸ್ ಇಲ್ಲದಿದ್ದರೆ ನಮ್ಮಂಥವರು ಮುಟ್ಟುವಂತಿಲ್ಲ. ಇನ್ಶೂರೆನ್ಸ್ ಇದ್ದರೂ ವರ್ಷವರ್ಷ ಹೊಸದಾಗಿ ಅನುಮತಿ ಬೇಕು. ಒಂದು ಜನವರಿಯಲ್ಲಿ ಆ ಕಾಗದ ಎಲ್ಲೋ ಸಿಕ್ಕಿಹಾಕಿಕೊಂಡಿತು. ಕೊರಿಯರ್ ಬರಲಿಲ್ಲ. ಬಾಟಲಿಯಲ್ಲಿ ಮೂರು ದಿನದ್ದು ಉಳಿದಿತ್ತು. ಈ ಔಷಧಿಯನ್ನು ದಿಢೀರಂತ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು, ಒಂದರ ಹಿಂದೊಂದು ನಿಲ್ಲದೆಯೂ ಬರಬಹುದು. ನನ್ನ ಗಂಡ ಆಫೀಸಿಗೆ ರಜೆ ಹಾಕಿ ಎರಡು ದಿನ ಫೋನ್ ಹಿಡಿದು ಕೂತರು. ಕೊನೆಗೆ ಡಾಕ್ಟರ್ ಕಚೇರಿಯವರೇ ಮಾತಾಡಿ ಬಿಡಿಸಿದರು, ಕೊನೆಯ ಡೋಸ್ ದಿನ ಬಾಟಲಿ ಬಂತು. ಆ ಮೂರು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಹತ್ತು ದಿನದ್ದು ಉಳಿದಿರುವಾಗಲೇ ಮುಂದಿನದಕ್ಕೆ ಫೋನ್ ಮಾಡಿ, ಅನುಮತಿ ಮುಗಿಯುವ ತಾರೀಕಿಗೆ ಎರಡು ತಿಂಗಳ ಮೊದಲೇ ಡಾಕ್ಟರ್‌ಗೆ ನೆನಪು ಮಾಡಿ.

ಊರಿಂದ ಫೋನ್ ಮಾಡುವವರು ತಪ್ಪದೆ ಕೇಳುವುದು, ಆನ್‌ಲೈನ್‌ನಲ್ಲಿ ವಿಜಯಾ (ಗಾಂಜಾಕ್ಕೆ ಆಯುರ್ವೇದದ ಹೆಸರು) ಎಣ್ಣೆ, ಸಿಬಿಡಿ ಎಣ್ಣೆ ಸಿಗುತ್ತಲ್ಲ, ಅದನ್ನೇ ಕೊಡಬಹುದಾ ಅಂತ. ಬೇಡ ಅಂತಲೇ ನನ್ನ ಉತ್ತರ. ಅಮೆರಿಕದಲ್ಲಿ ಆನ್‌ಲೈನ್ ಮಾರಾಟದ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದ್ದರು: ಚೀಟಿಯಲ್ಲಿ ಬರೆದಷ್ಟೇ ಸಿಬಿಡಿ ಇದ್ದದ್ದು ಮೂರರಲ್ಲಿ ಒಂದಕ್ಕಿಂತ ಕಡಿಮೆ, 18ರಲ್ಲಿ ಟಿಎಚ್‌ಸಿಯೂ ಇತ್ತು. 0.1 ಎಂಎಲ್ ಹೆಚ್ಚುಕಮ್ಮಿಗೆ ನಾವು ಇಷ್ಟು ಎಚ್ಚರ ವಹಿಸುವಾಗ ಒಳಗೇನಿದೆ ಅಂತಲೇ ತಿಳಿಯದ್ದನ್ನು ಮಗುವಿಗೆ ಹೇಗೆ ಕೊಡುವುದು? ಈಗಾಗಲೇ ಕೊಡುತ್ತಿದ್ದರೆ ಬೈಯುತ್ತಾರೆ ಅಂತ ಮುಚ್ಚಿಡಬೇಡಿ, ಡಾಕ್ಟರ್‌ಗೆ ಹೇಳಿ, ಬೇರೆ ಮಾತ್ರೆಗಳ ಲೆಕ್ಕ ಅದರ ಮೇಲೆ ನಿಂತಿರುತ್ತದೆ.

ಇಷ್ಟೆಲ್ಲ ಮಾಡಿದರೂ ಫಿಟ್ಸ್ ಬರುತ್ತದೆ. ಅದಕ್ಕೆ ಮೂಗಿಗೆ ಹೊಡೆಯುವ ಡಯಾಜೆಪಾಮ್ ಸ್ಪ್ರೇ ಮನೆಯಲ್ಲೊಂದು, ಸ್ಕೂಲ್ ಬ್ಯಾಗಿನಲ್ಲೊಂದು. ಐದು ನಿಮಿಷ ದಾಟಿದರೆ ಸ್ಪ್ರೇ, ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್. ಕೈಗೆ ಕಬ್ಬಿಣದ ಕೀ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಒಂದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಅತ್ತೆಗೂ ಇದನ್ನು ಕಲಿಸಿದ್ದೇನೆ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಳೆದದ್ದು ಬೆಲೆಗೆ ಮತ್ತು ಆ ಮೂರು ರಾತ್ರಿಗಳಿಗೆ. ಹೋದ ಅಕ್ಟೋಬರ್ ಹಾಳೆಯಲ್ಲಿ ಸಾಲಾಗಿ ಆರು ಚೌಕ ಖಾಲಿ ಇವೆ. ಆ ವಾರ ಪುಟ್ಟ ಹೆಲ್ಮೆಟ್ ಹಾಕಿಕೊಂಡೇ ಅಪ್ಪನ ಕೈ ಹಿಡಿದು ಪಾರ್ಕಿನ ಜಾರುಬಂಡಿಯ ಮೆಟ್ಟಿಲನ್ನು ತಾನೇ ಹತ್ತಿದ. ಈಗ ಡೋಸ್ ಹೊತ್ತಿಗೆ ಬಾಯಿ ತಾನೇ ತೆರೆಯುತ್ತಾನೆ, ಸಿರಿಂಜಿನ ಹಿಡಿಯನ್ನು ನನ್ನ ಬೆರಳಿನ ಮೇಲೆ ಬೆರಳಿಟ್ಟು ತಳ್ಳುತ್ತಾನೆ. ತೂಕ ಮತ್ತೆ ಏರಿದೆ, 34ರ ಹತ್ತಿರ. ಮುಂದಿನ ತಿಂಗಳು ರಕ್ತ ಪರೀಕ್ಷೆ ಇದೆ, ಅದು ಬಂದಮೇಲೆ 2.4 ಸಾಕಾ, ಏರಿಸಬೇಕಾ ಅಂತ ಡಾಕ್ಟರ್ ಹೇಳುತ್ತಾರೆ.