ಕೂಲರ್ರೋ ಎಸಿಯೋ: ಕಲಬುರಗಿ ಬಿಸಿಲಿನಲ್ಲಿ ಎರಡನ್ನೂ ಸಾಕಿ ನೋಡಿದ ಲೆಕ್ಕ

ನಮ್ಮ ಮನೆಯಲ್ಲಿ ಹಾಲ್‌ಗೆ ಕೂಲರ್, ಮಲಗುವ ಕೋಣೆಗೆ ಎಸಿ. ಕೂಲರ್ ಹಳೇದು, ತಗಡಿನ ಬಾಡಿ, ಟ್ಯಾಂಕಿಗೆ 60 ಲೀಟರ್ ನೀರು. ಎಸಿ ಒಂದೂವರೆ ಟನ್ನಿನ ಇನ್ವರ್ಟರ್, 5 ಸ್ಟಾರ್. ಯಾವುದು ಒಳ್ಳೇದು ಅಂತ ಕೇಳಿದವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ: ನೀವು ದಿನಾ ಸ್ವಲ್ಪ ಕೆಲಸ ಮಾಡೋರಾ, ಇಲ್ಲಾ ಒಮ್ಮೆಲೇ ದುಡ್ಡು ಕೊಡೋರಾ? ಕೂಲರ್ ದಿನಾ ಕೆಲಸ ಕೇಳುತ್ತದೆ. ಎಸಿ ಏನೂ ಕೇಳುವುದಿಲ್ಲ, ಕೇಳಿದ ದಿನ ಸಾವಿರದ ಲೆಕ್ಕದಲ್ಲಿ ಕೇಳುತ್ತದೆ.

ಮೊದಲು ತಂಪಿನ ಮಾತು. ಏಪ್ರಿಲ್ ಕೊನೇ ವಾರ, ಮಧ್ಯಾಹ್ನ ಮೂರು ಗಂಟೆ. ಹೊರಗೆ 41 ಡಿಗ್ರಿ. ಕೂಲರ್ ಬಾಯಿಗೆ ಥರ್ಮಾಮೀಟರ್ ಹಿಡಿದರೆ 28. ಹಾಲ್‌ನ ನಡುವೆ 31. ಎಸಿಗೆ ಹೋಲಿಸಿದರೆ ಇದೇನು ತಂಪು ಅನ್ನಬಹುದು, ಆದರೆ ಹೊರಗಿಂದ ಬಂದವರು "ಹಾ!" ಅಂತ ಕುಸಿದು ಕೂರುವುದು ಕೂಲರ್ ಮುಂದೆಯೇ. ನಮ್ಮ ಕಡೆಯ ಬೇಸಿಗೆ ಗಾಳಿ ಒಣಗಿದ್ದು. ಅದು ಒದ್ದೆ ಪ್ಯಾಡಿನ ಮೂಲಕ ಬರುವಾಗ ನೀರು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಆ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೇ.

ಅದೇ ಕೂಲರ್ ಜೂನ್ ಕೊನೆಗೆ ಕೈ ಕೊಟ್ಟಿತು. ಹೊರಗೆ 33 ಇದ್ದರೂ ಅದರ ಗಾಳಿ 29. ಗಾಳಿಯಲ್ಲಿ ಆಗಲೇ ತೇವ ಇದ್ದರೆ ನೀರು ಆವಿಯಾಗುವುದಾದರೂ ಎಲ್ಲಿ? ಹಾಸಿಗೆ ಅಂಟಂಟು. ಡಬ್ಬಿಯಲ್ಲಿದ್ದ ಹಪ್ಪಳ ಮೆತ್ತಗಾದವು. ಮಳೆ ಶುರುವಾದ ಮೇಲೆ ಎಸಿಯೇ ಸರಿ, ಅದರಲ್ಲಿ ವಾದ ಬೇಡ. ಅದು ಕೋಣೆಯ ತೇವವನ್ನೂ ಹಿಂಡಿ ಹೊರಗೆ ಹಾಕುತ್ತದೆ.

ಇಲ್ಲಿ ನಾನು ಮಾಡಿದ ಎರಡು ದಡ್ಡತನ ಹೇಳಿಬಿಡುತ್ತೇನೆ. ಒಂದು, ಮೊದಲ ವರ್ಷ ತಂಪು ಹೊರಗೆ ಹೋಗುತ್ತದೆ ಅಂತ ಕಿಟಕಿ ಮುಚ್ಚಿ ಕೂಲರ್ ಓಡಿಸಿದ್ದೆ. ಅರ್ಧ ಗಂಟೆಗೆ ಹಾಲ್ ಹಬೆಯ ಪಾತ್ರೆಯಾಯಿತು. ಕೂಲರ್‌ಗೆ ಗಾಳಿ ಒಳಬರಲು ಒಂದು ಕಡೆ, ಹೊರಹೋಗಲು ಎದುರು ಕಡೆ ದಾರಿ ಬೇಕೇ ಬೇಕು. ಇನ್ನೊಂದು, ಎಸಿಗೆ ಸಹಾಯ ಆಗಲಿ ಅಂತ ಅದೇ ಕೋಣೆಗೆ ಕೂಲರನ್ನೂ ಇಟ್ಟೆ. ಕೂಲರ್ ತೇವ ತುಂಬುವುದು, ಎಸಿ ಆ ತೇವ ತೆಗೆಯುವುದು, ಇಬ್ಬರ ಜಗಳದಲ್ಲಿ ಮೀಟರ್ ಓಡಿದ್ದೇ ಓಡಿದ್ದು.

ಮೀಟರ್ ಅಂದಮೇಲೆ ಲೆಕ್ಕ. ನಮ್ಮ ಕೂಲರ್ ಪಂಪು ಸೇರಿ 180 ವ್ಯಾಟ್. ದಿನಕ್ಕೆ ಹತ್ತು ತಾಸು ಓಡಿದರೆ 1.8 ಯೂನಿಟ್. ಎಸಿಯನ್ನು 26ಕ್ಕೆ ಇಟ್ಟು, ಮೇಲೆ ಫ್ಯಾನ್ ಸಣ್ಣಗೆ ಬಿಟ್ಟು ಎಂಟು ತಾಸು ಮಲಗಿದರೆ ಐದೂವರೆ ಯೂನಿಟ್. ಮಗ ಗುಟ್ಟಾಗಿ 20ಕ್ಕೆ ಇಳಿಸಿದ ರಾತ್ರಿ ಎಂಟೂಕಾಲು! ಏಪ್ರಿಲ್ ಪೂರ್ತಿ ಕೂಲರ್ ಮೇಲೇ ಕಳೆದಾಗ ಮನೆಯದೆಲ್ಲ ಸೇರಿ 165 ಯೂನಿಟ್. ಮೇ ತಿಂಗಳಲ್ಲಿ ರಾತ್ರಿ ಎಸಿ ಹಚ್ಚಿದಾಗ 290. ಗೃಹಜ್ಯೋತಿಯಲ್ಲಿ 200 ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕಲ್ಲ, ಆ ತಿಂಗಳು ಕಟ್ಟಿದೆವು. ಇನ್ನೊಂದು ಮಾತು: ಕರೆಂಟ್ ಹೋದಾಗ ಮನೆಯ ಯುಪಿಎಸ್ ಮೇಲೆ ಕೂಲರ್ ಓಡುತ್ತದೆ. ಎಸಿ ಸುಮ್ನೆ ಗೋಡೆ ಮೇಲೆ ಕೂತಿರುತ್ತದೆ.

ಹಾಗಾದರೆ ಕೂಲರ್ ಗೆದ್ದಿತು ಅನ್ನಬೇಡಿ. ಅದಕ್ಕೆ ದಿನಕ್ಕೆ ಐದು ಬಕೆಟ್ ನೀರು ಬೇಕು. "ನೀರ್ ಹಾಕೀಯೇನೋ?" ಅಂತ ಅವ್ವ ಕೇಳದ ದಿನವಿಲ್ಲ. ನಮ್ಮದು ಬೋರ್‌ವೆಲ್ ನೀರು, ಬಿಸಿ ಮಾಡಿದ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುವಂಥದ್ದು. ಕೂಲರ್‌ನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮಾತ್ರ ಟ್ಯಾಂಕಿನಲ್ಲೇ ಉಳಿಯುತ್ತದೆ. ನೀವು ಮೇಲಿಂದ ಮೇಲೆ ನೀರು ಸುರಿಯುತ್ತ ಹೋದರೆ ಅದು ಗಟ್ಟಿಯಾಗುತ್ತ ಹೋಗಿ ಪ್ಯಾಡಿಗೆ ಹತ್ತುತ್ತದೆ. ಜೇನುಗೂಡಿನಂಥ ಪ್ಯಾಡ್ ಹಾಕಿಸಿ ನೋಡಿದೆ. ತಂಪು ಹುಲ್ಲಿನ ಪ್ಯಾಡಿಗಿಂತ ಚೆನ್ನಾಗಿತ್ತು. ಆದರೆ ಎರಡನೇ ಬೇಸಿಗೆಗೆ ಅದರ ತೂತುಗಳಲ್ಲಿ ಸುಣ್ಣದ ಗೆರೆ ಎದ್ದು ಗಾಳಿ ಅರ್ಧಕ್ಕೆ ಇಳಿಯಿತು. ಗಡಸು ನೀರಿನವರಿಗೆ ಹುಲ್ಲೇ ವಾಸಿ. ವರ್ಷಕ್ಕೊಮ್ಮೆ ಬದಲಿಸಿದರೆ ಮುಗಿಯಿತು.

ಈಗ ಪ್ರತಿ ಭಾನುವಾರ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ತಳ ಉಜ್ಜಿ, ಒಣಗಿಸಿ ಮತ್ತೆ ತುಂಬುತ್ತೇವೆ. ಉಪ್ಪೂ ಹೋಗುತ್ತದೆ, ಡೆಂಗಿ ಸೊಳ್ಳೆಯ ಮರಿಯೂ ಹೋಗುತ್ತದೆ. ಆ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಗೆ ಬರಲು ವಾರ, ಹತ್ತು ದಿನ ಸಾಕು. ಒಮ್ಮೆ ಆಶಾ ಕಾರ್ಯಕರ್ತೆ ಬ್ಯಾಟರಿ ಹಿಡಿದು ನಮ್ಮ ಟ್ಯಾಂಕಿನಲ್ಲಿ ಇಣುಕಿ, "ನೋಡ್ರೀ ಅಣ್ಣಾ, ಹೆಂಗ್ ಕುಣ್ಯಾಕತ್ತಾವ" ಅಂದಾಗ ತಲೆ ತಗ್ಗಿಸಿದ್ದು ನೆನಪಿದೆ.

ಇನ್ನೊಂದನ್ನು ಮಾತ್ರ ತಮಾಷೆಯಾಗಿ ಹೇಳಲಾರೆ. ಒಂದು ದಿನ ನೀರು ಸುರಿಯುವಾಗ ಅವ್ವನ ಕೈಗೆ ಜುಮ್ ಅಂತು. ನೋಡಿದರೆ ಆ ಸಾಕೆಟ್ಟಿಗೆ ಅರ್ಥಿಂಗೇ ಇರಲಿಲ್ಲ. ತಗಡಿನ ಬಾಡಿ, ನೀರು, ಬರಿಗಾಲು. ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿದೆ. ಈಗ ಪ್ಲಗ್ ಕಿತ್ತ ಮೇಲೇ ನೀರು.

ಎಸಿಯ ಕತೆ ಬೇರೆ. ನಮ್ಮ ಓಣಿಯ ಹಿಂದೆ ಬೇಳೆ ಮಿಲ್ಲುಗಳಿವೆ, ತೊಗರಿ ಹೊಟ್ಟಿನ ಧೂಳು ಎಲ್ಲಿ ಬೇಕಾದರೂ ನುಗ್ಗುತ್ತದೆ. ಹದಿನೈದು ದಿನ ಬಿಟ್ಟು ಫಿಲ್ಟರ್ ತೆಗೆದರೆ ಅದರ ಮೇಲೆ ಹಳದಿ ಬಣ್ಣದ ಮೆತ್ತನೆ ಪದರ, ಬೆರಳಲ್ಲಿ ಹೆಸರು ಬರೆಯಬಹುದು. ನಲ್ಲಿ ಕೆಳಗೆ ಹಿಂಬದಿಯಿಂದ ನೀರು ಬಿಟ್ಟು ತೊಳೆದು, ನೆರಳಲ್ಲಿ ಒಣಗಿಸಿ ಹಾಕುವುದು ಹತ್ತು ನಿಮಿಷದ ಕೆಲಸ. ಅದನ್ನೇ ಒಂದು ವರ್ಷ ಮಾಡಲಿಲ್ಲ. ಮರು ಮಾರ್ಚ್‌ನಲ್ಲಿ ಎಸಿ ಬರೀ ಊದುತ್ತಿತ್ತು. ಬಂದ ಮೆಕ್ಯಾನಿಕ್ ಮುಚ್ಚಳ ಸಹ ತೆಗೆಯದೆ, "ಗ್ಯಾಸ್ ಖಾಲಿ ಆಗ್ಯದ ಸರ್, 2,500 ಆಗ್ತದ" ಅಂದ. ಗ್ಯಾಸ್ ಏನು ಅಡುಗೆ ಸಿಲಿಂಡರ್ರಾ, ಬಳಸಿದ ಹಾಗೆ ಖಾಲಿಯಾಗಲು? ಅದು ಕೊಳವೆಯೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಅಂತಲೇ ಅರ್ಥ, ಮೊದಲು ಆ ಸೋರಿಕೆ ಮುಚ್ಚಬೇಕು. ಆತನನ್ನು ಕಳಿಸಿ ಬೇರೆಯವರನ್ನು ಕರೆದೆ. ಅವರು ನೀರಿನ ಪಂಪು ತಂದು ಒಳಗಿನ ಕಾಯಿಲ್ ತೊಳೆದರು. ಮೊದಲು ಕೆಸರು ಇಳಿಯಿತು, ಆಮೇಲೆ ತಂಪು ಬಂತು. 600 ರೂಪಾಯಿ. ಎಲ್ಲರಿಗೂ ಹೀಗೇ ಅಂತಲ್ಲ, ನಿಜವಾಗಿ ಸೋರುವುದೂ ಉಂಟು. ಆದರೆ ಗ್ಯಾಸ್ ಅನ್ನುವ ಮೊದಲು ಕಾಯಿಲ್ ತೋರಿಸು ಅನ್ನಿ.

ಮಹಡಿ ಮೇಲಿನ ಔಟ್‌ಡೋರ್ ಯೂನಿಟ್ಟನ್ನೂ ಮೇನ್ ಆಫ್ ಮಾಡಿ ಬೇಸಿಗೆಯಲ್ಲಿ ಎರಡು ಸಲ ಪೈಪಿನಿಂದ ಮೆಲ್ಲಗೆ ತೊಳೆಯುತ್ತೇನೆ. ಜೋರು ನೀರು ಬೇಡ, ಕಾಯಿಲ್ ಮೇಲಿನ ತೆಳು ತಗಡಿನ ರೆಕ್ಕೆಗಳು ಬಾಗುತ್ತವೆ. ಪಾಪ ಬಿಸಿಲು ಅಂತ ಅದರ ಮೇಲೆ ಗೋಣಿಚೀಲ ಹೊದಿಸಿ ಓಡಿಸುವವರೂ ಇದ್ದಾರೆ. ಅದು ಶಾಖ ಹೊರಹಾಕುವ ಬಾಯಿ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಮೇಲೆ ಎತ್ತರಕ್ಕೆ ತಗಡಿನ ನೆರಳು ಸಾಕು.

ಸ್ಪರ್ಧೆಯಲ್ಲಿ ಇಲ್ಲದ ಮೂರನೆಯವನೂ ಒಬ್ಬನಿದ್ದಾನೆ: ಮಹಡಿಗೆ ಬಳಿದ ಸುಣ್ಣ. ಮಾರ್ಚ್‌ನಲ್ಲಿ ಎರಡು ಕೋಟ್ ಬಳಿದೆವು. ಮೊದಲೆಲ್ಲ ರಾತ್ರಿ ಹನ್ನೊಂದಕ್ಕೂ ಫ್ಯಾನ್ ಗಾಳಿ ಬಿಸಿಯಾಗಿ ಬರುತ್ತಿತ್ತು, ಸ್ಲ್ಯಾಬ್ ಹಗಲಿಡೀ ಹೀರಿದ್ದನ್ನು ರಾತ್ರಿ ಕಾರುತ್ತಿತ್ತು. ಈಗ ಒಂಬತ್ತಕ್ಕೆಲ್ಲ ತಣಿಯುತ್ತದೆ. ಕೂಲರ್‌ಗೂ ಲಾಭ, ಎಸಿಗೂ ಲಾಭ.

ಈಗಿನ ಏರ್ಪಾಟು ಹೀಗಿದೆ. ಮೇ ಮುಗಿಯುವವರೆಗೆ ಹಗಲು ಕೂಲರ್. ರಾತ್ರಿ ಎಸಿ 26ಕ್ಕೆ, ಎರಡು ಗಂಟೆಗೆ ತಾನೇ ಆಫ್ ಆಗುವಂತೆ ಟೈಮರ್. ಮಳೆ ಹಿಡಿದ ಮೇಲೆ ಕೂಲರ್ ಒಣಗಿಸಿ ಅಟ್ಟಕ್ಕೆ. ಅವ್ವ ಮಾತ್ರ ಈ ಪಂಗಡಕ್ಕೆ ಸೇರಿಲ್ಲ. "ಆ ಎಸಿ ಮಕ್ಕಳಿಗಿ ಹಚ್ಚು, ನನಗ ಕೂಲರೇ ಛಲೋ" ಅಂತ ಟ್ಯಾಂಕಿನಲ್ಲಿ ಲಾವಂಚದ ಕಟ್ಟು ಹಾಕಿಕೊಂಡು ಹಾಲ್‌ನಲ್ಲೇ ಮಲಗುತ್ತಾಳೆ. ರಾತ್ರಿ ಆ ವಾಸನೆಗೆ ಎಷ್ಟೋ ಸಲ ನಾನೂ ಚಾಪೆ ಎತ್ತಿಕೊಂಡು ಅಲ್ಲಿಗೇ ಹೋಗಿದ್ದೇನೆ.